ಒಂಬತ್ತು ಕೋಳಿಗೆ ತಿಂಗಳಿಗೊಂದು ಚೀಲ ಮೇವು: ಖರ್ಚು ಇಳಿಸೋದು ಹೇಗೆ?

ಉತ್ತರಹಳ್ಳಿ ಹಿತ್ತಲು

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಜಾಗದಲ್ಲಿ ಒಂಬತ್ತು ಹೇಂಟೆ ಸಾಕ್ತಾ ಇದ್ದೀನಿ. ಆರು ಬಿವಿ 380 (ಹೆಚ್ಚು ಮೊಟ್ಟೆ ಇಡೋ ಫಾರಂ ತಳಿ), ಮೂರು ನಾಟಿ. ನಾಟಿ ಕೋಳಿಗಳನ್ನ ಅತ್ತೆ ಊರಿಂದ ತಂದಿದ್ದು, ಅದರಲ್ಲಿ ಎರಡಕ್ಕೆ ನಾಲ್ಕು ವರ್ಷ ತುಂಬಿತು.

ಕಷ್ಟ ಇರೋದು ಮೇವಿನದು. 50 ಕೆಜಿ ಲೇಯರ್ ಮೇವಿನ (ಮೊಟ್ಟೆ ಇಡೋ ಕೋಳಿಗೆ ಅಂತಲೇ ಮಾಡಿದ ಮೇವು) ಚೀಲ ನನಗೆ 2,100 ರೂಪಾಯಿಗೆ ಸಿಗುತ್ತೆ. 33 ದಿನಕ್ಕೆ ಖಾಲಿ. ದಿನಕ್ಕೆ ಐದು ಮೊಟ್ಟೆ ಬರ್ತಿತ್ತು. ಅಂದರೆ ಒಂದು ಮೊಟ್ಟೆಗೆ ಹತ್ತಿರ ಹತ್ತಿರ 13 ರೂಪಾಯಿ, ಬರೀ ಮೇವಿಗೇ. ಅಂಗಡಿ ಮೊಟ್ಟೆ ಅದಕ್ಕಿಂತ ಎಷ್ಟೋ ಅಗ್ಗ. ಮನೆಯವರು ಈ ಲೆಕ್ಕ ಮುಂದಿಟ್ಟು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಮೂರು ವಾರದಿಂದ ಅರ್ಧ ಮೇವು, ಅರ್ಧ ಅನ್ನ-ನುಚ್ಚು ಹಾಕ್ತಾ ಬಂದೆ. ಮೊಟ್ಟೆ ಐದರಿಂದ ಎರಡಕ್ಕೆ ಇಳಿದಿದೆ. ಮೊನ್ನೆ ಒಂದು ಮೊಟ್ಟೆ ಚಿಪ್ಪೇ ಇಲ್ಲದೆ ಬರೀ ಪೊರೆಯಲ್ಲಿ ಬಿತ್ತು. ಅದನ್ನ ಅಂಗೈಯಲ್ಲಿ ಹಿಡಿದಾಗ ಹೊಟ್ಟೆ ಚುರುಕ್ ಅಂತು. ಕೋಳಿ ಬಿಡೋಕೆ ಮನಸ್ಸಿಲ್ಲ. ಖರ್ಚು ಇಳಿಸೋಕೆ ನೀವೆಲ್ಲ ಏನು ಮಾಡ್ತೀರಿ, ಹೇಳಿ.

ಹೆಸರಘಟ್ಟ ರಸ್ತೆ

ಮೊದಲು ಅನ್ನ-ನುಚ್ಚು ನಿಲ್ಲಿಸಿ. ಇವತ್ತೇ.

ನೀವು ಮೇವಿನ ಖರ್ಚು ಇಳಿಸಿದ್ದೀರಿ, ಆದರೆ ಮೊಟ್ಟೆಯ ಖರ್ಚು ಏರಿಸಿಕೊಂಡಿದ್ದೀರಿ. ಮೊದಲು ದಿನಕ್ಕೆ ಸುಮಾರು 64 ರೂಪಾಯಿಗೆ ಐದು ಮೊಟ್ಟೆ ಸಿಗ್ತಿತ್ತು. ಈಗ ಅರ್ಧ ಮೇವಿನ 32 ರೂಪಾಯಿ, ಅಕ್ಕಿಗೆ ಎಷ್ಟೋ ಒಂದಿಷ್ಟು, ಸಿಗೋದು ಎರಡು ಮೊಟ್ಟೆ. ಒಂದು ಮೊಟ್ಟೆಗೆ 16 ರೂಪಾಯಿ ದಾಟಿತು. ಕೋಳಿ ಸಾಕುವವರು ಗೋಡೆ ಮೇಲೆ ಬರೆದಿಡಬೇಕಾದ ಲೆಕ್ಕ ಒಂದೇ: ಈ ವಾರ ಮೇವಿಗೆ ಎಷ್ಟು ಹೋಯಿತು, ಮೊಟ್ಟೆ ಎಷ್ಟು ಬಂತು. ಚೀಲದ ಬೆಲೆ ನೋಡಿ ತೀರ್ಮಾನ ಮಾಡಬೇಡಿ.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಮೊಟ್ಟೆ ಇಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತೆ. ಸಣ್ಣ ಮೈಯ ನಾಟಿ ಅಷ್ಟೂ ತಿನ್ನಲ್ಲ. ನಿಮ್ಮ ಒಂಬತ್ತಕ್ಕೆ ಎಷ್ಟು ಉದಾರವಾಗಿ ಹಿಡಿದರೂ ದಿನಕ್ಕೆ ಒಂದು ಕೆಜಿ ಸಾಕು. 50 ಕೆಜಿ ಚೀಲ 33 ದಿನಕ್ಕೆ ಮುಗಿದರೆ ದಿನಕ್ಕೆ ಒಂದೂವರೆ ಕೆಜಿ ಆಯ್ತು. ಉಳಿದ ಅರ್ಧ ಕೆಜಿ ಯಾರು ತಿಂತಿದ್ದಾರೆ?

ಉತ್ತರಹಳ್ಳಿ ಹಿತ್ತಲು

ಸರ್, ಇದನ್ನ ನಾನು ಯೋಚನೆನೇ ಮಾಡಿರಲಿಲ್ಲ. ಮೇವಿನ ತಟ್ಟೆ ರಾತ್ರಿನೂ ಗೂಡಿನ ಒಳಗೇ ಇರುತ್ತೆ. ಬೆಳಿಗ್ಗೆ ನೋಡಿದರೆ ಖಾಲಿ. ಪಾಪ ಹಸಿದಿವೆ ಅಂದುಕೊಂಡು ಮತ್ತೆ ತುಂಬಿಸ್ತಿದ್ದೆ.

ಹೆಸರಘಟ್ಟ ರಸ್ತೆ

ಕೋಳಿ ಕತ್ತಲಲ್ಲಿ ಮೇಯಲ್ಲಮ್ಮ. ಮುಸ್ಸಂಜೆ ಆದಮೇಲೆ ಅಡ್ಡಗೋಲು ಹತ್ತಿ ಕೂತರೆ ಬೆಳಕು ಹರಿಯೋವರೆಗೂ ಇಳಿಯಲ್ಲ. ಇವತ್ತು ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡಿ.

ಹೆಬ್ಬಾಳದಲ್ಲಿ ಓದಿದವಳು

ಪಶುವೈದ್ಯೆಯಾಗಿ ಒಂದೆರಡು ಮಾತು ಸೇರಿಸ್ತೀನಿ. ಪೊರೆ ಮೊಟ್ಟೆ ಯಾಕೆ ಬಂತು ಅನ್ನೋದು ಗೊತ್ತಾದರೆ ಮುಂದೆ ಏನು ಹಾಕಬಹುದು, ಏನು ಹಾಕಬಾರದು ಅನ್ನೋದೂ ಗೊತ್ತಾಗುತ್ತೆ.

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತೆ. ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತೋದರಿಂದ ಕೋಳಿಗೆ ದಿನಕ್ಕೆ 4 ಗ್ರಾಂ ಬೇಕು. ಲೇಯರ್ ಮೇವಿನಲ್ಲಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇಟ್ಟಿರೋದು ಅದಕ್ಕೇ. ಅಕ್ಕಿಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. "ನಮ್ಮ ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ರಾಗಿ ಹಾಕಿದರೆ ಸಾಕು" ಅಂತ ಬಹಳ ಜನ ಹೇಳ್ತಾರೆ. ಧಾನ್ಯಗಳಲ್ಲಿ ರಾಗಿಯದ್ದೇ ಜಾಸ್ತಿ ನಿಜ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಮೊಟ್ಟೆ ಇಡೋ ಕೋಳಿಗೆ ಬೇಕಾದದ್ದರ ಹತ್ತನೇ ಒಂದು ಭಾಗಕ್ಕೂ ಅದು ಸಾಲದು.

ಪ್ರೋಟೀನ್ ಕಥೆಯೂ ಅಷ್ಟೇ. ಕೋಳಿಗೆ ಶೇ. 16-17 ಬೇಕು, ಅಕ್ಕಿ-ರಾಗಿಯಲ್ಲಿ ಇರೋದು 7-8. ಅರ್ಧಕ್ಕರ್ಧ ಬೆರೆಸಿದರೆ 12ಕ್ಕೆ ಇಳಿಯುತ್ತೆ. ಹೊಟ್ಟೆ ತುಂಬುತ್ತೆ, ಮೊಟ್ಟೆ ಕಟ್ಟೋಕೆ ಸರಕು ಇರಲ್ಲ. ಕೋಳಿ ತನ್ನ ಮೂಳೆಯ ಕ್ಯಾಲ್ಸಿಯಂ ತೆಗೆದು ಸ್ವಲ್ಪ ದಿನ ತಳ್ಳುತ್ತೆ, ಆಮೇಲೆ ನಿಲ್ಲಿಸುತ್ತೆ.

ಕಪ್ಪೆಚಿಪ್ಪಿನ ನುಚ್ಚು ಒಂದು ಬೇರೆ ಬಟ್ಟಲಲ್ಲಿ ಯಾವಾಗಲೂ ಇಡಿ, ಬೇಕಾದ ಕೋಳಿ ಬೇಕಾದಷ್ಟು ಕುಕ್ಕುತ್ತೆ. ಮನೆಯ ಮೊಟ್ಟೆ ಚಿಪ್ಪನ್ನೂ ಹಂಚಿನ ಮೇಲೆ ಹುರಿದು, ಮೊಟ್ಟೆಯ ಆಕಾರ ಗೊತ್ತಾಗದಂತೆ ಪುಡಿ ಮಾಡಿ ಕೊಡಬಹುದು. ಇದಕ್ಕೆ ದುಡ್ಡೇ ಬೇಡ.

ಜಾಲಹಳ್ಳಿ ತಾರಸಿ

ಅಜೋಲ್ಲ ಬೆಳೆಸಿ ಮೇಡಂ, ನೀರಿನ ಮೇಲೆ ತೇಲಿ ಬೆಳೆಯೋ ಪುಟ್ಟ ಹಸಿರು ಗಿಡ! ನಮ್ಮ ತಾರಸಿ ಮೇಲೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್ ಹಾಳೆ) ತೊಟ್ಟಿ ಮಾಡಿದ್ದೀನಿ. ಜರಡಿ ಹಿಡಿದ ಮಣ್ಣು 10-15 ಕೆಜಿ, ಹಳೇ ಸಗಣಿ ಎರಡು ಕೆಜಿ ಕದಡಿದ ನೀರು, ಒಂದು ಹಿಡಿ ಸೂಪರ್ ಫಾಸ್ಫೇಟ್ ಗೊಬ್ಬರ, ಮೇಲೆ 10 ಸೆಂಟಿಮೀಟರ್ ನೀರು. ಒಂದು ಕೆಜಿ ಅಜೋಲ್ಲ ಬಿಟ್ಟೆ, ಎರಡು ವಾರಕ್ಕೆ ಹಸಿರು ಕಂಬಳಿ ಹೊದ್ದ ಹಾಗೆ ಆಯ್ತು. ದಿನಾ ಅರ್ಧ ಕೆಜಿ ತೆಗೀತೀನಿ. ಒಣ ತೂಕದಲ್ಲಿ ಶೇ. 25ರ ಹತ್ತಿರ ಪ್ರೋಟೀನ್ ಇದೆ. ಮೇವಿನ ಖರ್ಚು ಅರ್ಧ ಆಗುತ್ತೆ ಅಂತ ಎಲ್ಲ ವಿಡಿಯೋದಲ್ಲೂ ಹೇಳ್ತಾರೆ.

ಹೆಸರಘಟ್ಟ ರಸ್ತೆ

ಅಜೋಲ್ಲ ಒಳ್ಳೇದೇ, ಆದರೆ "ಒಣ ತೂಕದಲ್ಲಿ" ಅನ್ನೋ ಮಾತಿನಲ್ಲೇ ಎಲ್ಲ ಅಡಗಿದೆ. ಹಸಿ ಅಜೋಲ್ಲದಲ್ಲಿ ಶೇ. 94-95 ನೀರು. ಅರ್ಧ ಕೆಜಿ ಒಣಗಿಸಿದರೆ 30 ಗ್ರಾಂ ಉಳಿಯುತ್ತೆ, ಅದರಲ್ಲಿ ಪ್ರೋಟೀನ್ ಏಳೆಂಟು ಗ್ರಾಂ. ಒಂಬತ್ತು ಕೋಳಿಗೆ ದಿನಕ್ಕೆ ಬೇಕಾದ ಪ್ರೋಟೀನ್ 160 ಗ್ರಾಂ. ಆ ಒಂದು ತೊಟ್ಟಿಯಿಂದ ಖರ್ಚು ಅರ್ಧ ಆಗೋಕೆ ಸಾಧ್ಯವೇ ಇಲ್ಲ.

ಜಾಲಹಳ್ಳಿ ತಾರಸಿ

ಲೆಕ್ಕ ಒಪ್ಪಿದೆ ಸರ್, ನಾನೇ ಕೂತು ಮಾಡಿ ನೋಡಿದೆ. ಆದರೂ ತೊಟ್ಟಿ ಬಿಡಲ್ಲ. ಮೊಟ್ಟೆಯ ಹಳದಿಗೆ ಭಂಡಾರದ ಬಣ್ಣ ಬಂದಿದೆ, ಗೂಡಿನಲ್ಲಿ ಒಂದರ ಪುಕ್ಕ ಇನ್ನೊಂದು ಕೀಳೋದು ನಿಂತಿದೆ. ಬೇಸಿಗೆಯಲ್ಲಿ ನೆರಳು ಬಲೆ ಇಲ್ಲದಿದ್ದರೆ ಕೆಂಪಗಾಗಿ ಸಾಯುತ್ತೆ, ಅದೊಂದು ನೆನಪಿರಲಿ. ನೀರಿನ ಮೇಲೆ ಖಾಲಿ ಜಾಗ ಬಿಟ್ಟರೆ ಸೊಳ್ಳೆ ಮರಿ ಮಾಡುತ್ತೆ. ಡೆಂಗಿ ಕಾಲದಲ್ಲಿ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು.

ಆನೇಕಲ್ ಹೊಲ

ಅಕ್ಕಾ, ತೊಟ್ಟಿ ಗಿಟ್ಟಿ ಎಲ್ಲ ಆಮೇಲೆ. ಕಾಂಪೌಂಡಿಗೆ ಒಂದು ನುಗ್ಗೆ ಕೊಂಬೆ ನೆಟ್ಟಿದ್ದೀರಾ? ನುಗ್ಗೆ ಸೊಪ್ಪನ್ನ ನೆರಳಲ್ಲಿ ಒಣಗಿಸಿ ಕೈಯಲ್ಲಿ ತಿಕ್ಕಿದರೆ ಪುಡಿ ಆಗುತ್ತೆ, ಮೇವಿಗೆ ಬೆರೆಸಿ. ಹಸಿ ಸೊಪ್ಪನ್ನ ಕಟ್ಟು ಕಟ್ಟಿ ಕೋಳಿಯ ತಲೆ ಎತ್ತರಕ್ಕೆ ತೂಗಿಬಿಡಿ, ಅದನ್ನ ಎಗರಿ ಎಗರಿ ಕೀಳ್ತಾ ಅವಕ್ಕೂ ಹೊತ್ತು ಹೋಗುತ್ತೆ. ಸಂಜೆ ಹೊತ್ತು ಮಾರ್ಕೆಟ್ ಬಾಗಿಲು ಹಾಕೋ ಟೈಮಲ್ಲಿ ಹೋದರೆ ಕೋಸಿನ ಹೊರಗಿನ ಎಲೆ, ಮೂಲಂಗಿ ಸೊಪ್ಪು, ಹೂಕೋಸಿನ ತೊಟ್ಟು ರಾಶಿ ಬಿದ್ದಿರುತ್ತೆ. ಚೆನ್ನಾಗಿ ತೊಳೆದು ಹಾಕಿ, ಔಷಧಿ ಹೊಡೆದಿರ್ತಾರೆ.

ನಮ್ಮಲ್ಲಿ ಕೋಳಿಗೆ ದುಡ್ಡು ಕೊಟ್ಟು ಮೇವು ತಂದವರೇ ಇಲ್ಲ. ತಿಪ್ಪೆ ಕೆದರಿ ಹುಳ ತಿಂತವೆ, ಕಣದಲ್ಲಿ ಉದುರಿದ ರಾಗಿ ತಿಂತವೆ. ಆದರೆ ವರ್ಷಕ್ಕೆ ಅವು ಇಡೋದೂ 60-70 ಮೊಟ್ಟೆ. ನಿಮ್ಮ ಬಿವಿ ಕೋಳಿ 300 ಇಡುತ್ತೆ, ಅದಕ್ಕೆ ತಿಪ್ಪೆ ಸಾಲಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬಸವನಗುಡಿ ಗಾಣದ ಬೀದಿ

ಮರದ ಗಾಣದ ಅಂಗಡಿ ಈಗ ಬಡಾವಣೆಗೊಂದು ಇದೆ. ಎಣ್ಣೆ ತೆಗೆದ ಮೇಲೆ ಉಳಿಯೋ ಕಡಲೆಕಾಯಿ ಹಿಂಡಿ ಕೇಳಿ ನೋಡಿ. ಶೇ. 40ಕ್ಕೂ ಹೆಚ್ಚು ಪ್ರೋಟೀನ್. ನಾನು ಮಾಡೋ 10 ಕೆಜಿ ಮಿಶ್ರಣ ಇದು: ಮುರಿದ ಮೆಕ್ಕೆಜೋಳ 5 ಕೆಜಿ, ಅಕ್ಕಿ ನುಚ್ಚು ಒಂದೂವರೆ, ಕಡಲೆಕಾಯಿ ಹಿಂಡಿ ಒಂದೂವರೆ, ಎಳ್ಳು ಹಿಂಡಿ ಅರ್ಧ, ಉಪ್ಪು ಹಾಕದ ಒಣಮೀನಿನ ಪುಡಿ ಅರ್ಧ, ಚಿಪ್ಪಿನ ನುಚ್ಚು 900 ಗ್ರಾಂ, ಖನಿಜ ಮಿಶ್ರಣ 100 ಗ್ರಾಂ. ಪ್ರೋಟೀನ್ 16ರ ಹತ್ತಿರ ಬರುತ್ತೆ. ಕಡಲೆಕಾಯಿ ಹಿಂಡಿಯಲ್ಲಿ ಲೈಸಿನ್, ಮೆಥಿಯೊನಿನ್ ಅನ್ನೋ ಪ್ರೋಟೀನಿನ ಅಂಶಗಳು ಕಡಿಮೆ. ಎಳ್ಳು ಮೆಥಿಯೊನಿನ್ ತುಂಬುತ್ತೆ, ಮೀನು ಎರಡನ್ನೂ ತುಂಬುತ್ತೆ.

ನನಗೆ ಕೆಜಿಗೆ 37-38 ರೂಪಾಯಿ ಬೀಳುತ್ತೆ. ಚೀಲದ ಮೇವಿಗಿಂತ ನಾಲ್ಕೈದು ರೂಪಾಯಿ ಉಳಿತಾಯ, ಅಷ್ಟೇ. ಜೋಳ ಮುರಿಸೋಕೆ ಮಿಲ್‌ಗೆ ಓಡಾಡಿದ್ದು ಲೆಕ್ಕಕ್ಕೆ ಹಿಡಿದರೆ ಅದೂ ಇಲ್ಲ. ಒಂಬತ್ತು ಕೋಳಿಗೆ ಇದು ಬೇಕಾ ಅಂತ ನೀವೇ ಯೋಚಿಸಿ. ನನ್ನ ಹತ್ತಿರ 40 ಇವೆ, ನಾನೇ ಕಲಸಿದ್ದರಲ್ಲಿ ಏನಿದೆ ಅಂತ ನನಗೆ ಗೊತ್ತಿರುತ್ತೆ, ಆ ಸಮಾಧಾನಕ್ಕೆ ಮಾಡ್ತೀನಿ.

ಹೆಬ್ಬಾಳದಲ್ಲಿ ಓದಿದವಳು

ಹಿಂಡಿ ಅಂದ ಕೂಡಲೇ ಮೂರು ಎಚ್ಚರಿಕೆ ಹೇಳಲೇಬೇಕು.

ಗೊಬ್ಬರದ ಅಂಗಡಿಯಲ್ಲಿ ಹೊಂಗೆ ಹಿಂಡಿ, ಬೇವಿನ ಹಿಂಡಿ, ಹರಳು ಹಿಂಡಿ ಪಕ್ಕಪಕ್ಕದಲ್ಲೇ ಇಟ್ಟಿರ್ತಾರೆ. ಅವು ಗಿಡಕ್ಕೆ ಮಾತ್ರ. ಹರಳಿನಲ್ಲಿ ರೈಸಿನ್ ಅನ್ನೋ ಘೋರ ವಿಷ ಇದೆ. ಬರೀ "ಹಿಂಡಿ ಕೊಡಿ" ಅಂತ ಕೇಳಬೇಡಿ, ಹೆಸರು ಹೇಳಿ, ಮೂಸಿ ನೋಡಿ ತನ್ನಿ.

ಎರಡನೇದು ಬೂಷ್ಟು. ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರುತ್ತೆ, ಅದು ಕುದಿಸಿದರೂ ಹೋಗಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯೇ ಮೂಲ ಅಂತ ಗೊತ್ತಾಯ್ತು. ಈ ವಿಷವನ್ನ ಕಂಡುಹಿಡಿದದ್ದೇ ಹಾಗೆ. ಜೂನ್‌ನಿಂದ ನವೆಂಬರ್‌ವರೆಗೆ ನಮ್ಮ ಊರಿನ ತೇವದಲ್ಲಿ 15 ದಿನಕ್ಕೆ ಆಗೋಷ್ಟೇ ತನ್ನಿ. ಮುಚ್ಚಳ ಇರೋ ಡಬ್ಬದಲ್ಲಿ, ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ವಾಸನೆ ಸಂಶಯ ಬಂದರೆ ತಿಪ್ಪೆಗೆ ಹಾಕಿ, ಕೋಳಿಗೆ ಬೇಡ.

ಮೂರನೇದು ಮರಿಗಳ ವಿಷಯ. ಲೇಯರ್ ಮೇವಿನಲ್ಲಿರೋ ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡ ಕೆಡಿಸುತ್ತೆ. ಒಂದೇ ಚೀಲದಲ್ಲಿ ಎಲ್ಲಕ್ಕೂ ಆಗಲಿ ಅಂತ ಉಳಿಸೋಕೆ ಹೋಗಬೇಡಿ.

ಉತ್ತರಹಳ್ಳಿ ಹಿತ್ತಲು

ರಾತ್ರಿ ಟಾರ್ಚ್ ಹಿಡಿದು ಹೋಗಿದ್ದೆ. ಮೇವಿನ ತಟ್ಟೆಯಲ್ಲಿ ನಾಲ್ಕು ಹೆಗ್ಗಣ. ಮೋರಿ ಕಡೆಯ ಗೋಡೆ ಬುಡದಲ್ಲಿ ಬಿಲ ಕೊರೆದಿವೆ. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಹನ್ನೆರಡು ಪಾರಿವಾಳ ಬಲೆಯ ಸಂದಿಯಿಂದ ನುಗ್ಗಿ ಮೇಯ್ತಾ ಇದ್ದವು. ಇಷ್ಟು ದಿನ ತಿಂಗಳಿಗೆ 700 ರೂಪಾಯಿ ಅವಕ್ಕೆ ಸುರೀತಿದ್ದೆ.

ಹೆಸರಘಟ್ಟ ರಸ್ತೆ

ಸಿಕ್ಕಿತಲ್ಲ. ಈಗ ಹೀಗೆ ಮಾಡಿ. ತಟ್ಟೆ ಬಿಟ್ಟು ತೂಗುಹಾಕುವ ಮೇವಿನ ಡಬ್ಬಿ ತನ್ನಿ. ಅದರ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಲಿ, ಆಗ ಕೆದರಿ ಚೆಲ್ಲೋಕೆ ಆಗಲ್ಲ. ಡಬ್ಬಿಯ ತಟ್ಟೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ತುಂಬಿ ತುಳುಕಿದರೆ ಕೊಕ್ಕಿನಲ್ಲಿ ಗುಡಿಸಿ ನೆಲಕ್ಕೆ ಹಾಕ್ತವೆ, ನೆಲಕ್ಕೆ ಬಿದ್ದ ಪುಡಿ ಮತ್ತೆ ತಿನ್ನಲ್ಲ. ಸಂಜೆ ಡಬ್ಬಿ ಮನೆಯೊಳಗೆ. ಬಲೆಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು, ಬುಡದಲ್ಲಿ ಒಂದು ಅಡಿ ಆಳ ಮಣ್ಣೊಳಗೆ ಹೂಳಿಸಿ.

ಪುಡಿ ಮೇವಿನ ಕೊನೇ ಧೂಳು ಕೋಳಿಗೆ ಹಿಡಿಸಲ್ಲ, ಆದರೆ ವಿಟಮಿನ್, ಖನಿಜ ಹೆಚ್ಚಾಗಿ ಅದರಲ್ಲೇ ಇರೋದು. ಮಧ್ಯಾಹ್ನ ಆ ಧೂಳಿಗೆ ನೀರು ಚಿಮುಕಿಸಿ ಉಪ್ಪಿಟ್ಟಿನ ಹದಕ್ಕೆ ಕಲಸಿ ಇಡಿ. ಹತ್ತು ನಿಮಿಷದಲ್ಲಿ ನೆಕ್ಕಿ ಖಾಲಿ ಮಾಡ್ತವೆ. ಕಲಸಿದ್ದು ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಹುಳಿ ಹಿಡಿಯುತ್ತೆ.

ಹೆಬ್ಬಾಳದಲ್ಲಿ ಓದಿದವಳು

ಪಾರಿವಾಳ, ಹೆಗ್ಗಣ ತಡೆಯೋದು ದುಡ್ಡಿಗಷ್ಟೇ ಅಲ್ಲ. ಹೊರಗಿನ ಹಕ್ಕಿ ಹಿಕ್ಕೆ ಹಾಕಿದ ಮೇವಿನಿಂದ ರೋಗ ಬರುತ್ತೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ಕಡೆ ಹಕ್ಕಿಜ್ವರ ಬಂದಿತ್ತು, ನಮ್ಮಿಂದ ದೂರ ಏನಲ್ಲ. ಹೆಗ್ಗಣದ ಉಚ್ಚೆಯಿಂದ ಮನುಷ್ಯರಿಗೇ ಇಲಿಜ್ವರ ಬರುತ್ತೆ. ಗೂಡು ಗುಡಿಸುವಾಗ ಬರಿಗೈಯಲ್ಲಿ, ಬರಿಗಾಲಲ್ಲಿ ಹೋಗಬೇಡಿ.

ಮಾಗಡಿ ಕಡೆಯವನು

ನಮ್ಮ ಕಡೆಯ ಒಂದು ದಾರಿ ಯಾರೂ ಹೇಳಲಿಲ್ಲ. ರಾಮನಗರ, ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿದ ಮೇಲೆ ಒಳಗಿನ ಹುಳ ಉಳಿಯುತ್ತಲ್ಲ, ಒಣಗಿಸಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನ್. ಮೀನಿನ ಪುಡಿಗೆ ಬದಲು ಅದನ್ನೇ ಹಾಕಬಹುದು. ನಮ್ಮಪ್ಪ ರೀಲಿಂಗ್ ಮಾಡ್ತಿದ್ದಾಗ ಮನೆ ಕೋಳಿಗಳು ಆ ಹುಳ ತಿಂದೇ ಬೆಳೆದವು.

ಎಣ್ಣೆಯಂಶ ಕಾಲು ಭಾಗಕ್ಕಿಂತ ಹೆಚ್ಚಿರೋದರಿಂದ ಬೇಗ ಮುಗ್ಗಲು ಹಿಡಿಯುತ್ತೆ. ಬಿಸಿಲಲ್ಲಿ ಗರಿಗರಿ ಆಗೋವರೆಗೆ ಒಣಗಿಸಬೇಕು. ಮೇವಿನಲ್ಲಿ ನೂರಕ್ಕೆ ಐದು ಪಾಲು ಮೀರಬೇಡಿ, ಮೀರಿದರೆ ಮೊಟ್ಟೆಗೇ ವಾಸನೆ ಬರುತ್ತೆ. ಅಕ್ಕಪಕ್ಕ ಮನೆ ಒತ್ತೊತ್ತಾಗಿ ಇದ್ದರೆ ಒಣಗಿಸೋದು ಕಷ್ಟ, ಒಣಗಿಸಿದ್ದನ್ನೇ ತರೋದು ವಾಸಿ.

ವೈಟ್‌ಫೀಲ್ಡ್ ಬಾಡಿಗೆ ಮನೆ

ನಾನು ಬಿಯರ್ ತಯಾರಿಸುವ ಒಂದು ಪಬ್‌ನಿಂದ ಬಸಿದ ಬಾರ್ಲಿ ಸಿಪ್ಪೆ ತರ್ತೀನಿ. ಕೇಳಿದರೆ ಪುಕ್ಕಟೆ ಕೊಡ್ತಾರೆ, ಅವರಿಗೂ ಹೊರೆ ಇಳಿದ ಹಾಗೆ. ಹೆಂಡ ಅಲ್ಲ ಅದು, ಹುಳಿಯೋಕೆ ಮುಂಚೆಯೇ ಸೋಸಿ ತೆಗೆದ ಕಾಳು. ಒಣಗಿದರೆ 20ಕ್ಕೂ ಹೆಚ್ಚು ಪ್ರೋಟೀನ್, ಆದರೆ ನಾರು ಜಾಸ್ತಿ, ಹಾಗಾಗಿ ಹತ್ತನೇ ಒಂದು ಭಾಗ ಮಾತ್ರ ಬೆರೆಸ್ತೀನಿ. ಹಸಿಯಾಗಿ ಒಂದು ದಿನ ಇಟ್ಟರೂ ಕೆಡುತ್ತೆ. ತಂದ ದಿನವೇ ತಾರಸಿಯಲ್ಲಿ ತೆಳ್ಳಗೆ ಹರಡಬೇಕು. ಮಳೆಗಾಲದಲ್ಲಿ ನಾನು ತರೋದೇ ಇಲ್ಲ.

ಅಡುಗೆಮನೆ ಹಸಿ ಕಸದಲ್ಲಿ ಕಪ್ಪು ಸೈನಿಕ ನೊಣದ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಮರಿಹುಳನೂ ಬೆಳೆಸ್ತೀನಿ. ಬಕೆಟ್ಟಿನಲ್ಲಿ ಇಳಿಜಾರು ಪೈಪ್ ಇಟ್ಟರೆ ಬಲಿತ ಹುಳ ತಾನೇ ಹತ್ತಿ ಡಬ್ಬಿಗೆ ಬೀಳುತ್ತೆ. ದಿನಕ್ಕೆ ಎರಡು ಹಿಡಿ. ಕೋಳಿಗಳು ನನ್ನ ಹೆಜ್ಜೆ ಸಪ್ಪಳಕ್ಕೇ ಓಡಿ ಬರ್ತವೆ.

ಉತ್ತರಹಳ್ಳಿ ಹಿತ್ತಲು

ಪಕ್ಕದ ಬೀದಿಯಲ್ಲಿ ಒಬ್ಬರು ರೇಷನ್ ಅಕ್ಕಿ ಕೆಜಿಗೆ 15ಕ್ಕೆ ಕೊಡ್ತೀನಿ ಅಂತಾರೆ. ನುಚ್ಚಿಗೆ ಬದಲು ಬೆರೆಸಬಹುದಾ? ಹೋಟೆಲಿನಲ್ಲಿ ಮಿಕ್ಕ ಅನ್ನ ಕೂಡ ಸಿಗುತ್ತೆ.

ಆನೇಕಲ್ ಹೊಲ

ಬೇಡ ಅಕ್ಕಾ. ಪಡಿತರ ಅಕ್ಕಿ ಕೊಳ್ಳೋದು, ಮಾರೋದು ಎರಡೂ ಕಾನೂನಿನ ಪ್ರಕಾರ ತಪ್ಪು. ಕಾನೂನು ಬಿಡಿ, ಹಸಿದ ಮನೆಗೆ ಅಂತ ಬಂದ ಅಕ್ಕಿ ಅದು. ನಮ್ಮ ಊರಲ್ಲಿ ಅದನ್ನೇ ನಂಬಿಕೊಂಡ ಮನೆಗಳನ್ನ ನೋಡಿದ್ದೀನಿ. ಕೋಳಿಗೆ ಹಾಕೋಕೆ ನನಗಂತೂ ಕೈ ಬರಲ್ಲ.

ಹೆಬ್ಬಾಳದಲ್ಲಿ ಓದಿದವಳು

ಹೋಟೆಲ್ ಅನ್ನದಲ್ಲಿ ಸಾಂಬಾರು, ಉಪ್ಪಿನಕಾಯಿ ಸೇರಿರುತ್ತೆ. ಕೋಳಿಗೆ ಉಪ್ಪು ಹೆಚ್ಚಾದರೆ ಭೇದಿಯಾಗಿ ಸಾಯೋದೂ ಉಂಟು. ನಿಮ್ಮ ಮನೆಯಲ್ಲಿ ಮಿಕ್ಕ ಒಂದು ಹಿಡಿ ಅನ್ನ, ಚಪಾತಿ ಚೂರು ಸಂಜೆ ಕೊಡಿ, ತೊಂದರೆ ಇಲ್ಲ. ಬೆಳಿಗ್ಗೆ ಮೊದಲು ಮೇವು, ಆಮೇಲೆ ಉಳಿದದ್ದು. ಅವರೆಕಾಯಿ ಕಾಲದಲ್ಲಿ ಹುಳ ಬಿದ್ದ ಕಾಳನ್ನ ಹಸಿಯಾಗಿ ಹಾಕಬೇಡಿ, ಬೇಯಿಸಿ ಹಾಕಿ. ಹಸಿರು ಹೊಡೆದ ಆಲೂಗಡ್ಡೆ ಸಿಪ್ಪೆ ಬೇಡವೇ ಬೇಡ.

ಇನ್ನು ಆ ಎರಡು ವಯಸ್ಸಾದ ನಾಟಿ ಕೋಳಿ. ಅವು ಮೊಟ್ಟೆ ಇಡ್ತಿವೆಯಾ?

ಉತ್ತರಹಳ್ಳಿ ಹಿತ್ತಲು

ಒಂದು ಆಗೊಮ್ಮೆ ಈಗೊಮ್ಮೆ. ಇನ್ನೊಂದು ನಿಲ್ಲಿಸಿ ಆರು ತಿಂಗಳಾಯ್ತು. ಅವನ್ನ ಕೊಡೋಕೆ ಅತ್ತೆ ಒಪ್ಪಲ್ಲ, ನಿಜ ಹೇಳಬೇಕಂದ್ರೆ ನಾನೂ ಒಪ್ಪಲ್ಲ. ನಮ್ಮ ಮಗಳು ನಡೆಯೋಕೆ ಕಲಿತಿದ್ದೇ ಅವುಗಳ ಹಿಂದೆ ಓಡ್ತಾ.

ಹೆಸರಘಟ್ಟ ರಸ್ತೆ

ಹಾಗಾದರೆ ಇಟ್ಟುಕೊಳ್ಳಿ, ಆದರೆ ಅವುಗಳ ಮೇವನ್ನ ಮೊಟ್ಟೆಯ ಲೆಕ್ಕದಿಂದ ಹೊರಗಿಡಿ. ಅದು ಮನೆಯವರ ಊಟದ ಖರ್ಚಿನ ಹಾಗೆ. ಮೊಟ್ಟೆ ಇಡದ ಕೋಳಿಗೆ ಲೇಯರ್ ಮೇವೂ ಬೇಕಿಲ್ಲ. ಸಂಜೆ ಆ ಎರಡನ್ನ ಬೇರೆ ಬಿಟ್ಟು ರಾಗಿ, ನುಚ್ಚು, ಸೊಪ್ಪು ಹೆಚ್ಚು ಕೊಡಿ.

ಮುಂದೆ ಹೊಸ ಮರಿ ತರುವಾಗ ತಳಿ ನೋಡಿ ತನ್ನಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ಗಟ್ಟಿ ಕೋಳಿ, ಆದರೆ ಮೈ ದೊಡ್ಡದು, ತಿನ್ನೋದೂ ಹೆಚ್ಚು. ಮಾಂಸಕ್ಕೂ ಬೇಕು ಅನ್ನೋರಿಗೆ ಸರಿ. ಅವರದ್ದೇ ಸ್ವರ್ಣಧಾರ ಅದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತೆ. ನಮ್ಮ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೂ ಹಿತ್ತಲಿಗೆ ಹೊಂದುವ ಮರಿ ಸಿಗುತ್ತವೆ, ಮೊದಲೇ ಕೇಳಿ ಕಾದಿರಿಸಬೇಕು.

ಉತ್ತರಹಳ್ಳಿ ಹಿತ್ತಲು

ಎರಡು ತಿಂಗಳಾದ ಮೇಲೆ ಬರೀತಾ ಇದ್ದೀನಿ. ಬಲೆ ಬದಲಿಸಿ, ಬಿಲ ಮುಚ್ಚೋಕೆ 1,400 ರೂಪಾಯಿ ಆಯ್ತು. ತೂಗುಡಬ್ಬಿ ಎರಡು ತಂದೆ. ಮೊಟ್ಟೆ ಚೇತರಿಸಿಕೊಳ್ಳೋಕೆ ಮೂರು ವಾರ ಹಿಡಿಯಿತು, ಆ ಮೂರು ವಾರ ಬಹಳ ಉದ್ದ ಅನ್ನಿಸಿತು. ಈಗ ದಿನಕ್ಕೆ ಐದು, ಕೆಲವು ದಿನ ಆರು. ಚಿಪ್ಪು ಗಟ್ಟಿ ಇದೆ.

ಹೊಸ ಚೀಲ 46 ದಿನ ಬಂತು. ದಿನಕ್ಕೆ 46 ರೂಪಾಯಿ. ಮೊಟ್ಟೆಗೆ 9 ರೂಪಾಯಿ ಒಳಗೆ. ಅಂಗಡಿ ಫಾರಂ ಮೊಟ್ಟೆಗಿಂತ ಇನ್ನೂ ಸ್ವಲ್ಪ ಜಾಸ್ತಿನೇ, ಆದರೆ ನಾಟಿ ಮೊಟ್ಟೆಗೆ ಇಲ್ಲಿ ಕೇಳೋ ಬೆಲೆಗಿಂತ ಎಷ್ಟೋ ಕಡಿಮೆ. ಲೆಕ್ಕದ ಪುಸ್ತಕ ಈಗ ಮನೆಯವರೇ ಬರೀತಾರೆ. ನುಗ್ಗೆ ಕೊಂಬೆ ಚಿಗುರಿದೆ.

ಮುಂದಿನ ಚೀಲದಿಂದ ಹತ್ತನೇ ಒಂದು ಭಾಗ ಮಾತ್ರ ಕಡಲೆಕಾಯಿ ಹಿಂಡಿ-ಜೋಳದ ಮಿಶ್ರಣ ಸೇರಿಸಿ ನೋಡೋಣ ಅಂತಿದ್ದೀನಿ.

ಬಸವನಗುಡಿ ಗಾಣದ ಬೀದಿ

ಶುಕ್ರವಾರ ಯಶವಂತಪುರ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ತರೋಕೆ ಹೋಗ್ತಿದ್ದೀನಿ. ಚಿಲ್ಲರೆಗಿಂತ ಮೂಟೆ ಲೆಕ್ಕದಲ್ಲಿ ಅಗ್ಗ. ಬರುವಾಗ ಗಾಣದಿಂದ ಹಿಂಡಿನೂ ತರ್ತೀನಿ. ಹಂಚಿಕೊಳ್ಳೋರು ಇದ್ದರೆ ಹೇಳಿ.

ಮಾಗಡಿ ಕಡೆಯವನು

ನನಗೆ ಜೋಳ 20 ಕೆಜಿ. ಬದಲಿಗೆ ಒಣಗಿಸಿದ ರೇಷ್ಮೆ ಹುಳ ಎರಡು ಕೆಜಿ ತರ್ತೀನಿ, ವಾಸನೆ ಬರದ ಹಾಗೆ ಕಟ್ಟಿ.

ಉತ್ತರಹಳ್ಳಿ ಹಿತ್ತಲು

ನನಗೆ ಜೋಳ ಐದು, ಹಿಂಡಿ ಎರಡು ಕೆಜಿ ಸಾಕು. ಮಳೆ ಇದೆ, ಹದಿನೈದು ದಿನಕ್ಕಿಂತ ಹೆಚ್ಚು ಇಡಲ್ಲ. ಮುಚ್ಚಳದ ಡಬ್ಬ ನಾನೇ ತರ್ತೀನಿ.